ಬಾಸ್ಕೆಟ್ ಹಾಕಿದವನನ್ನೇ ಕೂರಿಸಿದ್ದು

ಕೊಡಗಿನಲ್ಲಿ ಬಾಸ್ಕೆಟ್‌ಬಾಲ್ ಕೋಚ್ ಅಂದರೆ ಹಾಕಿಯವರು ಬಿಟ್ಟ ಹುಡುಗರನ್ನು, ಹಾಕಿಯವರು ಬಿಟ್ಟ ಹೊತ್ತಿನಲ್ಲಿ ಆಡಿಸುವವನು. ಇಂಥದ್ದರಲ್ಲಿ ಒಬ್ಬ ಒಳ್ಳೆಯ ಆಟಗಾರ ಸಿಕ್ಕಿದರೆ ತಲೆಮೇಲೆ ಕೂರಿಸಿಕೊಳ್ಳುತ್ತೇವೆ.

ಜಿಲ್ಲಾ ಮಟ್ಟದ ಸೆಮಿಫೈನಲ್, ನಾಲ್ಕನೇ ಕ್ವಾರ್ಟರ್, ಆರು ಪಾಯಿಂಟ್ ಮುಂದಿದ್ದೆವು. ರಿಂಗ್ ಕೆಳಗೆ ನಮ್ಮ ಸೆಂಟರ್, ಅಂದರೆ ರಿಂಗ್ ಹತ್ತಿರ ಆಡುವ ಹುಡುಗ, ಒಬ್ಬನೇ ನಿಂತು ಕೈಯೆತ್ತಿ ಕೂಗುತ್ತಿದ್ದ. ನಮ್ಮ ಹೀರೋ ಮೂವರ ನಡುವೆ ಡ್ರಿಬಲ್ ಮಾಡಲು ಹೋಗಿ ಚೆಂಡು ಕಳೆದ. ಮರುಸಲವೂ ಅದೇ. ಆಮೇಲೆ ಸೆಂಟರ್ ಕೈಯೆತ್ತುವುದನ್ನೇ ಬಿಟ್ಟ. ಅದನ್ನು ನೋಡಿ ತಡೆಯಲಾಗಲಿಲ್ಲ, ಅವನ ಬದಲಿಗೆ ಇಳಿಯಲು ಸಬ್ ಹುಡುಗನನ್ನು ಸ್ಕೋರ್ ಬರೆಯುವವರ ಟೇಬಲ್‌ಗೆ ಕಳಿಸಿದೆ.

ಹಾಕಿಯಲ್ಲಾದರೆ ಆಟ ನಡೆಯುತ್ತಿರುವಾಗಲೇ ಒಬ್ಬ ಹೊರಗೆ, ಇನ್ನೊಬ್ಬ ಒಳಗೆ. ಇಲ್ಲಿ ಸೀಟಿ ಬೀಳಬೇಕು, ಗಡಿಯಾರ ನಿಲ್ಲಬೇಕು. ಕೊನೆಯ ಎರಡು ನಿಮಿಷ ಬರುವ ತನಕ ಬಾಸ್ಕೆಟ್ ಬಿದ್ದರೂ ಗಡಿಯಾರ ನಿಲ್ಲುವುದಿಲ್ಲ. ಫೌಲೂ ಇಲ್ಲ, ಚೆಂಡು ಹೊರಗೂ ಹೋಗುತ್ತಿಲ್ಲ. ಸಬ್ ಹುಡುಗ ಜೆರ್ಸಿ ಎಳೆದುಕೊಳ್ಳುತ್ತಾ ನಿಂತೇ ಇದ್ದಾನೆ. ಅಷ್ಟರಲ್ಲಿ ನಮ್ಮ ಹೀರೋ ಇಬ್ಬರು ಮೈಮೇಲೆ ಬಿದ್ದಿದ್ದರೂ ಗೆರೆಯಾಚೆಯಿಂದ ಎಸೆದ. ರಿಂಗ್ ಮುಟ್ಟದೆ ಒಳಗೆ ಬಿತ್ತು, ಮೂರು ಪಾಯಿಂಟ್! ಎದುರು ಕೋಚ್ ಟೈಮ್‌ಔಟ್ ಕೇಳಿದರು. ನನಗೆ ಬೇಕಾಗಿದ್ದ ಸೀಟಿ ಆಗ ಬಿತ್ತು.

ಟೇಬಲ್‌ನವರು ನನ್ನ ಮುಖ ನೋಡಿದರು. ಬದಲಾಯಿಸಿ ಅಂದೆ. ಹಿಂದಿನಿಂದ ಯಾರದೋ ಅಪ್ಪ, "ಮಾಷ್ಟ್ರೇ, ಬಾಸ್ಕೆಟ್ ಹಾಕಿದವನನ್ನೇ ಕೂರಿಸುವುದಾ?"

ಒಂಬತ್ತು ಪಾಯಿಂಟ್ ಸಾಕು ಅಂತ ನನ್ನ ಲೆಕ್ಕ. ಒಳಗಿದ್ದ ಐವರೂ ಚೆಂಡನ್ನು ಸುತ್ತಲೂ ದಾಟಿಸಿದರು, ಯಾರೂ ಶಾಟ್ ಹೊಡೆಯಲಿಲ್ಲ. ಕೊನೆಗೆ ಸೆಂಟರ್‌ಗೆ ರಿಂಗ್ ಕೆಳಗೇ ಚೆಂಡು ಸಿಕ್ಕಿತು. ಅವನು ಬೆಂಚಿನತ್ತ ಒಮ್ಮೆ ನೋಡಿ ಚೆಂಡನ್ನು ಹೊರಕ್ಕೆ ಕೊಟ್ಟುಬಿಟ್ಟ! ಮುನ್ನಡೆ ಕರಗಿತು. ಹೀರೋನನ್ನು ಮತ್ತೆ ಇಳಿಸಲು ಹೊರಟರೆ ಮತ್ತೆ ಸೀಟಿ ಇಲ್ಲ. ಒಂದು ಪಾಯಿಂಟಿನಲ್ಲಿ ಸೋತೆವು.

ಸ್ಟಾಫ್ ರೂಮಿನಲ್ಲಿ ಒಬ್ಬರು ಅಮೆರಿಕದ ಚಿಕಾಗೋ ಬುಲ್ಸ್ ತಂಡದ ಸ್ಟಾರ್ ಪಿಪ್ಪೆನ್ ಕಥೆ ತೆಗೆದರು. 1994ರ ಪ್ಲೇಆಫ್, 1.8 ಸೆಕೆಂಡ್ ಬಾಕಿ. ಕೋಚ್ ಫಿಲ್ ಜಾಕ್ಸನ್ ಕೊನೆಯ ಶಾಟ್ ತಂಡದ ಇನ್ನೊಬ್ಬ ಆಟಗಾರ ಕುಕೋಚ್‌ಗೆ ಕೊಟ್ಟರು ಅಂತ ಪಿಪ್ಪೆನ್ ಕೋರ್ಟಿಗೆ ಇಳಿಯಲೇ ಇಲ್ಲ. ಕುಕೋಚ್ ಹಾಕಿದ, ಬುಲ್ಸ್ ಗೆದ್ದಿತು. ಸ್ಟಾರ್ ಇಲ್ಲದೆಯೂ ಗೆಲ್ಲಬಹುದು ಅನ್ನುವುದು ಅವರ ವಾದ. ಸರಿ, ಆದರೆ ಅಲ್ಲಿ ಕುಕೋಚ್ ಇದ್ದ. ಪಂದ್ಯ ಮುಗಿದ ಮೇಲೆ ಪಿಪ್ಪೆನ್‌ಗೆ ಕಣ್ಣೀರು ಹಾಕುತ್ತಾ ಬುದ್ಧಿ ಹೇಳಿದ್ದು ಜೊತೆ ಆಟಗಾರ ಕಾರ್ಟ್‌ರೈಟ್. ಮುಂದಿನ ಪಂದ್ಯದಲ್ಲಿ ಪಿಪ್ಪೆನ್ ಆಡಿದ. ನನ್ನ ತಂಡದಲ್ಲಿ ನಮ್ಮ ಹೀರೋಗೆ ಎದುರು ಮಾತಾಡುವವರೇ ಇರಲಿಲ್ಲ.

ಹುಡುಗನನ್ನೂ ಪೂರ್ತಿ ಬೈಯುವಂತಿಲ್ಲ. ಅವನು ಶಾಟ್ ಕಲಿತದ್ದು ಮನೆಯ ಕಾಫಿ ಕಣದಲ್ಲಿ, ಗೋಡೆಗೆ ಹೊಡೆದ ರಿಂಗಿಗೆ, ಒಬ್ಬನೇ. ಅಲ್ಲಿ ಪಾಸ್ ಕೊಡುವುದಾದರೂ ಯಾರಿಗೆ? ಶಾಲೆಯಲ್ಲೂ ಮಳೆಗಾಲವಿಡೀ ವರಾಂಡದಲ್ಲಿ ಡ್ರಿಬಲ್ ಅಭ್ಯಾಸ ಅಷ್ಟೇ. ಇಂಡೋರ್ ಕೋರ್ಟ್ ಕೇಳಿದರೆ ನಗುತ್ತಾರೆ.

ಕೂರಿಸಿದ್ದು ಸರಿ ಅಂತಲೇ ಈಗಲೂ ಹೇಳುತ್ತೇನೆ. ಆದರೆ ಜೂನ್‌ನಿಂದಲೇ ಕೂರಿಸಬೇಕಿತ್ತು. ಈಗ ಎರಡನೇ ಕ್ವಾರ್ಟರ್ ಶುರುವಿಗೆ ಅವನು ಯಾವಾಗಲೂ ಬೆಂಚಿನಲ್ಲೇ, ಚೆನ್ನಾಗಿ ಆಡಿದ ದಿನವೂ. ಹಾಗಾಗಿ ಶಿಕ್ಷೆ ಅಂತ ಯಾರಿಗೂ ಅನ್ನಿಸುವುದಿಲ್ಲ, ಉಳಿದವರು ಶಾಟ್ ಹೊಡೆಯಲೇಬೇಕಾಗುತ್ತದೆ. ಸೆಂಟರ್ ಈಗ ಬಯ್ಯಲೂ ಕಲಿತಿದ್ದಾನೆ.

ಸೋತದ್ದಕ್ಕೆ ಹೆಡ್‌ಮಾಸ್ಟರ್ ಲಿಖಿತ ವಿವರಣೆ ಕೇಳಿದ್ದರು. ಕೊಟ್ಟೆ, ಜೊತೆಗೆ ಹೊಸ ಚೆಂಡುಗಳಿಗೆ ಒಂದು ಅರ್ಜಿಯನ್ನೂ ಇಟ್ಟೆ. ವಿವರಣೆಗೆ ಮಾತ್ರ ಉತ್ತರ ಬಂದಿದೆ.