ಕೆಜಿಎಫ್‌ನಲ್ಲಿ ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ

ಬೆಳಿಗ್ಗೆ ಬಂಗಾರಪೇಟೆಯಲ್ಲಿ ಇಳಿದು ಚಹಾ ಕುಡಿಯುತ್ತಿದ್ದೆ. ಮಾರಿಕುಪ್ಪಂ ಕಡೆಯಿಂದ ರೈಲು ಬಂತು. ಬಾಗಿಲಲ್ಲೂ ಜನ ಜೋತುಬಿದ್ದಿದ್ದರು, ಹೆಗಲಲ್ಲಿ ಊಟದ ಬ್ಯಾಗು. ಎಲ್ಲರೂ ಬೆಂಗಳೂರಿಗೆ ಕೆಲಸಕ್ಕೆ ಹೊರಟವರು. ನಾನು ಕ್ಯಾಮೆರಾ ನೇತುಹಾಕಿಕೊಂಡು ಅವರು ಬಿಟ್ಟು ಬಂದ ಊರಿಗೆ ಹೊರಟಿದ್ದೆ.

ಇಲ್ಲಿಂದ ಮಾರಿಕುಪ್ಪಂಗೆ 16 ಕಿ.ಮೀ. ಕೋಲಾರದ ಚಿನ್ನದ ಗಣಿಗಾಗಿಯೇ 1894ರಲ್ಲಿ ಹಾಕಿದ ದಾರಿ. ಕೋರಮಂಡಲ್, ಊರಿಗಾಂ, ಚಾಂಪಿಯನ್ ಅಂತ ಗಣಿಗಳ ಹೆಸರೇ ಸ್ಟೇಷನ್ನುಗಳ ಹೆಸರು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಹೆಸರುಗಳು ಮಾತ್ರ ಬೋರ್ಡಿನ ಮೇಲೆ ಹಾಗೇ ಇವೆ.

ಮೊದಲು ಹೋಗಿದ್ದು ಸೈನೈಡ್ ಗುಡ್ಡಕ್ಕೆ. ಗುಡ್ಡ ಅಂದರೆ ಗುಡ್ಡ ಅಲ್ಲ. ಅದಿರು ಪುಡಿಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಕೆಸರನ್ನು ದಶಕಗಟ್ಟಲೆ ಸುರಿದ ರಾಶಿ. ಮಳೆ ಕೊರೆದ ಗೆರೆಗಳ ಮೇಲೆ ಎಳೆಬಿಸಿಲು ಬಿದ್ದಿತ್ತು. ನಿಜ ಹೇಳಬೇಕೆಂದರೆ, ಬಹಳ ಚೆನ್ನಾಗಿತ್ತು. ಸಿನಿಮಾದವರು ಸುಮ್ನೆ ಬರ್ತಾರಾ? ರಸ್ತೆಯಲ್ಲೇ ನಿಂತು ನಲವತ್ತು ಫೋಟೋ ತೆಗೆದೆ. ಅಷ್ಟರಲ್ಲಿ ಗಾಳಿ ಎದ್ದಿತು. ಗುಡ್ಡದಿಂದ ಬೂದಿಯಂಥ ಧೂಳು ಎದ್ದು ಮನೆಗಳ ಕಡೆ ಹೊರಟಿತು. ಒಗೆದ ಬಟ್ಟೆ ಎತ್ತಿಕೊಂಡು ಒಬ್ಬರು ಹೆಂಗಸು ಒಳಗೆ ಓಡಿದರು. ಅದನ್ನೂ ಕ್ಲಿಕ್ ಮಾಡಿದೆ. ಪರದೆ ಮೇಲೆ ನೋಡಿದರೆ ಧೂಳು ಮಂಜಿನ ಥರ ಕಾಣುತ್ತಿತ್ತು. ನನಗೆ ಸಿಟ್ಟು ಬಂತು, ಕ್ಯಾಮೆರಾ ಮೇಲೋ ನನ್ನ ಮೇಲೋ.

ಆಮೇಲೆ ಗುಡ್ಡದ ತಂಟೆಗೆ ಹೋಗಲಿಲ್ಲ. ಲೈನ್ ಮನೆಗಳ ಕಡೆ ನಡೆದೆ. ಬ್ರಿಟಿಷ್ ಸಾಹೇಬರಿಗೆ ದೊಡ್ಡ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಗಣಿಗೆ ಇಳಿದವರಿಗೆ ಸಾಲು ಸಾಲಾಗಿ ಒಂದೊಂದೇ ಕೋಣೆ. ಇಳಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ದಲಿತರು. ಶಿವನಸಮುದ್ರದ ಕರೆಂಟು 1902ರಲ್ಲೇ ಈ ಗಣಿಗೆ ಬಂತು, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಶಾಲೆ ಪುಸ್ತಕದಲ್ಲಿ ಇದನ್ನು ಹೆಮ್ಮೆಯಿಂದ ಓದಿದ್ದೆ. ಈ ಕೋಣೆಗಳನ್ನು ನೋಡಿದ ಮೇಲೆ ಆ ಹೆಮ್ಮೆ ಸ್ವಲ್ಪ ಕಡಿಮೆಯಾಯಿತು.

ಒಂದು ಮನೆ ಮುಂದೆ ತಾತ ಒಬ್ಬರು ಕೂತಿದ್ದರು. "ಏನು ತಂಬಿ, ಶಾಫ್ಟ್ ಫೋಟೋ ಬೇಕಾ? ಆ ಕಡೆ ಹೋಗು" ಅಂದರು. ಶಾಫ್ಟ್ ಅಂದರೆ ಗಣಿಗೆ ಇಳಿಯುವ ಬಾವಿ. ಬಂದವರೆಲ್ಲ ಅದನ್ನೇ ಕೇಳುತ್ತಾರಂತೆ. ನಾನು ಪಕ್ಕದಲ್ಲಿ ಕೂತೆ. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ ಅವರು ಕೆಲಸ ಮಾಡಿದವರು. ಕೆಳಗೆ ಬಂಡೆ ಸಿಡಿಯುವುದಕ್ಕೆ ಏರ್‌ಬ್ಲಾಸ್ಟ್ ಅನ್ನುತ್ತಾರೆ. ಆಗ ಮೇಲೆ ಮನೆಯಲ್ಲಿ ಪಾತ್ರೆ ಅಲುಗಾಡುತ್ತಿತ್ತಂತೆ. ಹೆಂಗಸರು ಶಾಫ್ಟ್ ಕಡೆ ಓಡುತ್ತಿದ್ದರಂತೆ. ಹೇಳುತ್ತಾ ಹೇಳುತ್ತಾ ಕೆಮ್ಮಿದರು, ನೀರು ಕುಡಿದು ಮತ್ತೆ ಹೇಳಿದರು. ಮಗ ಎಲ್ಲಿ ಅಂದೆ. "ಐದು ಗಂಟೆ ಗಾಡಿಗೆ ಹೋದ. ರಾತ್ರಿ ಒಂಬತ್ತಕ್ಕೆ ಬರ್ತಾನೆ. ನಾನಾದ್ರೂ ಎಂಟು ಗಂಟೆ ಶಿಫ್ಟ್ ಮಾಡಿದ್ದೆ" ಅಂತ ನಕ್ಕರು.

ಬೆಳಕು ಚೆನ್ನಾಗಿತ್ತು. ಮುಖದಲ್ಲಿ ಒಳ್ಳೆ ಸುಕ್ಕುಗಳಿದ್ದವು. ಒಂದು ಫೋಟೋ ತೆಗೀಲಾ ತಾತ ಅಂದೆ.

"ತೆಗಿ. ಪಾಸ್‌ಪೋರ್ಟ್ ಸೈಜ್ ತೆಗೀತೀಯಾ? ಮನೆ ಕಾಗದದ ಅರ್ಜಿಗೆ ಬೇಕು. ಪೇಟೆಗೆ ನಡೆಯೋಕೆ ಆಗಲ್ಲ."

ಮೊಮ್ಮಗಳು ಬಿಳಿ ಪಂಚೆ ತಂದು ಬಾಗಿಲಿಗೆ ಕಟ್ಟಿದಳು. ತಾತ ಒಳಗೆ ಹೋಗಿ ಇಸ್ತ್ರಿ ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡು ಬಂದರು. ಸುಕ್ಕು ಕಾಣದ ಹಾಗೆ ನೇರ ಬೆಳಕಲ್ಲಿ ಕೂರಿಸಿದೆ. ನಾನು ಕಲಿತದ್ದಕ್ಕೆಲ್ಲ ಉಲ್ಟಾ.

ರಾಬರ್ಟ್‌ಸನ್‌ಪೇಟೆಯ ಸ್ಟುಡಿಯೋದಲ್ಲಿ ಎಂಟು ಪ್ರಿಂಟ್ ಹಾಕಿಸಿ ಸಂಜೆ ಆಟೋದಲ್ಲಿ ವಾಪಸ್ ಹೋದೆ. ತಾತ ಕನ್ನಡಕ ಏರಿಸಿ, ಫೋಟೋವನ್ನು ಬಲ್ಬಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು.

"ಎರಡೂ ಕಿವಿ ಬಂದಿದೆ" ಅಂದರು. "ಆಫೀಸಲ್ಲಿ ತಗೋತಾರೆ."