ಸುಳ್ಳು ಎಂದ ಕೂಡಲೇ ಕೋಡುಬಳೆಗೆ ಕೈ ಹಾಕಿದೆವು

ಇದನ್ನು ಬರೆಯಬೇಕು ಅಂತ ಹದಿನೈದು ದಿನದಿಂದ ಕೂರುತ್ತಿದ್ದೇನೆ, ಏಳುತ್ತಿದ್ದೇನೆ. ಇವತ್ತು ಬರೆದೇ ಬಿಡುತ್ತೇನೆ.

ಕಳೆದ ತಿಂಗಳು ಒಂದು ಶನಿವಾರ ರಾತ್ರಿ ಬೆಂಗಳೂರಿನ ಶ್ರೀನಗರದ ನಮ್ಮ ಮನೆಯಲ್ಲಿ ನಾಲ್ಕು ಜನ ಕೂತು 'ಕ್ಯಾನಿಬಲ್ ಹೋಲೋಕಾಸ್ಟ್' ನೋಡಿದೆವು. 1980ರ ಇಟಲಿ ಸಿನಿಮಾ, ನಿರ್ದೇಶಕ ರುಜೆರೊ ದೇವೊದಾತೊ. ತಂದವನು ನನ್ನ ಅಣ್ಣನ ಮಗ, ಇಂಜಿನಿಯರಿಂಗ್ ಕೊನೇ ವರ್ಷದವನು. "ಅತ್ತೆ, ಇದರ ಡೈರೆಕ್ಟರ್ ಮೇಲೆ ಕೊಲೆ ಕೇಸ್ ಹಾಕಿದ್ರಂತೆ, ನೀನು ಎಡಿಟರ್ ಅಲ್ವಾ, ನೋಡ್ಲೇಬೇಕು" ಎಂದ. ಜೊತೆಗೆ ನಮ್ಮ ಸ್ಟುಡಿಯೊದಲ್ಲಿ ಸೌಂಡ್ ನೋಡಿಕೊಳ್ಳುವ ಹುಡುಗ ಇದ್ದ. ಟ್ರೈನಿಂಗ್ ಅಂತ ಬೆಂಗಳೂರಿಗೆ ಬಂದು ನಮ್ಮನೆಯಲ್ಲಿ ಉಳಿದಿದ್ದ ಕೊಳ್ಳೇಗಾಲದ ಗೆಳತಿಯೂ ಇದ್ದಳು. ಹೊರಗೆ ಮಳೆ. ಒಂದು ಡಬ್ಬ ಕೋಡುಬಳೆ ಮಧ್ಯದಲ್ಲಿಟ್ಟುಕೊಂಡು ಶುರು ಮಾಡಿದೆವು.

ಕತೆ ಇಷ್ಟು. ನಾಲ್ಕು ಜನ ಅಮೆರಿಕನ್ನರು ನರಭಕ್ಷಕರ ಬಗ್ಗೆ ಡಾಕ್ಯುಮೆಂಟರಿ ಮಾಡಲು ಅಮೆಜಾನ್ ಕಾಡಿಗೆ ಹೋಗಿ ವಾಪಸ್ ಬರುವುದಿಲ್ಲ. ನ್ಯೂಯಾರ್ಕಿನ ಪ್ರೊಫೆಸರ್ ಒಬ್ಬರು ಅವರನ್ನು ಹುಡುಕಿಕೊಂಡು ಹೋಗುತ್ತಾರೆ. ಅವರಿಗೆ ಸಿಗುವುದು ಎಲುಬು, ಮತ್ತೆ ಫಿಲ್ಮಿನ ಡಬ್ಬಗಳು. ಆ ರೀಲುಗಳನ್ನು ನೋಡುತ್ತಾ ಹೋದರೆ ಕಾಡಿನವರಿಗಿಂತ ಈ ನಾಲ್ವರೇ ಕ್ರೂರಿಗಳು ಅಂತ ಗೊತ್ತಾಗುತ್ತದೆ. ಒಳ್ಳೆ ಶಾಟ್ ಸಿಗಲಿ ಅಂತ ಅವರು ಗುಡಿಸಲಿಗೆ ಬೆಂಕಿ ಇಡುತ್ತಾರೆ, ಅತ್ಯಾಚಾರ ಮಾಡುತ್ತಾರೆ, ಕೊನೆಗೆ ತಾವೂ ಸಾಯುತ್ತಾರೆ. ಕ್ಯಾಮೆರಾ ಮಾತ್ರ ಓಡುತ್ತಲೇ ಇರುತ್ತದೆ. ಈಗ ಹಾರರ್ ಸಿನಿಮಾಗಳಲ್ಲಿ 'ಸಿಕ್ಕಿದ ರೀಲು' ಎಂಬ ತಂತ್ರ ಮಾಮೂಲಿ. 1980ರಲ್ಲಿ ಅದು ಹೊಸದು.

ಮೊದಲ ಅರ್ಧ ಗಂಟೆ ನಮ್ಮ ಹುಡುಗರು ನಗುತ್ತಿದ್ದರು. ಡಬ್ಬಿಂಗ್ ಹಳೇದು, ಸೌಂಡ್ ಹುಡುಗನಿಗೆ ತುಟಿಗೂ ಮಾತಿಗೂ ಕೂಡಿಬರದೆ ಇದ್ದದ್ದೇ ಕಣ್ಣಿಗೆ ಬೀಳುತ್ತಿತ್ತು. ಆಮೇಲೆ ಕೋವಾಟಿ ಅನ್ನುವ ಸಣ್ಣ ಪ್ರಾಣಿಯನ್ನು ಚಾಕುವಿನಿಂದ ಕೊಲ್ಲುವ ದೃಶ್ಯ ಬಂತು. ಅದರ ಕಿರುಚಾಟ ತುಂಬಾ ಹೊತ್ತು ಕೇಳುತ್ತದೆ. ಅಣ್ಣನ ಮಗ "ಡಮ್ಮಿ ಇರ್ಬೇಕು" ಎಂದ. ಸೌಂಡ್ ಹುಡುಗ ಮಾತಾಡಲಿಲ್ಲ. ಅವನು ನಗುವುದನ್ನು ನಿಲ್ಲಿಸಿದ್ದ.

ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಅದಾದ ಮೇಲಿನ ಒಂದು ದೃಶ್ಯದ ಬಗ್ಗೆ. ಟಿವಿ ಕಂಪನಿಯ ಒಬ್ಬ ಹೆಂಗಸು ಪ್ರೊಫೆಸರಿಗೆ ಆ ತಂಡದ ಹಳೆಯ ಡಾಕ್ಯುಮೆಂಟರಿಯ ತುಣುಕು ತೋರಿಸುತ್ತಾಳೆ. ಸೈನಿಕರು ಯಾರನ್ನೋ ಕಟ್ಟಿ ಗುಂಡು ಹೊಡೆಯುತ್ತಾರೆ. ಹೆಣಗಳು ಕಾಣುತ್ತವೆ. ನಾವು ನಾಲ್ಕೂ ಜನ ಸುಮ್ಮನೆ ಕೂತಿದ್ದೆವು. ಆಮೇಲೆ ಆ ಹೆಂಗಸು, ಇದೆಲ್ಲಾ ನಿಜ ಅಲ್ಲ, ಆ ತಂಡದವರೇ ಮಾಡಿಸಿದ್ದು ಅನ್ನುವ ಅರ್ಥದಲ್ಲಿ ಏನೋ ಹೇಳುತ್ತಾಳೆ. ರೂಮಿನಲ್ಲಿ ಎಲ್ಲರೂ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಗೆಳತಿ ಕಾಲು ಚಾಚಿ ಕೂತಳು. ಡಬ್ಬ ನನ್ನ ಹತ್ತಿರ ಬಂತು, ನಾನೂ ಒಂದು ಕೋಡುಬಳೆ ತೆಗೆದುಕೊಂಡೆ.

ಆಮೇಲೆ ಆಮೆ ಬಂತು. ನದಿಯಿಂದ ದೊಡ್ಡ ಆಮೆಯನ್ನು ಎಳೆದು ತಂದು ಕಡಿಯುತ್ತಾರೆ. ಇಲ್ಲಿ ಜಾಸ್ತಿ ಕಷ್ಟಪಟ್ಟವಳು ಕೊಳ್ಳೇಗಾಲದವಳು. ನಮ್ಮಲ್ಲಿ ದಿನಾ ಮಾಂಸ ತಿನ್ನುವವಳು ಅವಳೊಬ್ಬಳೇ. ಊರ ಹಬ್ಬದಲ್ಲಿ ಕುರಿ ಕಡಿಯುವುದನ್ನು ಚಿಕ್ಕಂದಿನಿಂದ ನೋಡಿದವಳು. "ಒಂದೇ ಏಟಿಗೆ ಹೋಗ್ಬೇಕು ಕಣೇ, ನಮ್ಮಪ್ಪ ಅದಕ್ಕೇ ಮಚ್ಚು ಮಸೆಯೋರು. ಇವರು ಕ್ಯಾಮೆರಾಗೆ ಚೆನ್ನಾಗಿ ಕಾಣ್ಲಿ ಅಂತ ನಿಧಾನಕ್ಕೆ ಮಾಡ್ತಿದ್ದಾರೆ" ಎಂದು ಎದ್ದು ಅಡುಗೆಮನೆಗೆ ಹೋದಳು. ನಾನು, ಹುಟ್ಟಿದಾಗಿನಿಂದ ಸಸ್ಯಾಹಾರಿ, ಕೂತು ನೋಡುತ್ತಲೇ ಇದ್ದೆ. ಕಟ್ ಎಲ್ಲಿದೆ, ಮಾಡಿದ್ದು ಹೇಗೆ ಅಂತ ಹುಡುಕುತ್ತಿದ್ದೆ. ಕಟ್ ಇರಲಿಲ್ಲ.

ಇನ್ನೊಂದು ದೃಶ್ಯ, ಈ ಸಿನಿಮಾ ಅಂದರೆ ಎಲ್ಲರೂ ಮೊದಲು ಹೇಳುವುದು ಅದನ್ನೇ. ಹೆಂಗಸೊಬ್ಬಳನ್ನು ಕಂಬಕ್ಕೆ ಚುಚ್ಚಿ ನಿಲ್ಲಿಸಿದ್ದಾರೆ, ಕಂಬದ ತುದಿ ಬಾಯಿಂದ ಹೊರಗೆ ಬಂದಿದೆ. ಅಣ್ಣನ ಮಗ ಮುಖ ಮುಚ್ಚಿಕೊಂಡ. ಅತ್ಯಾಚಾರದ ದೃಶ್ಯಗಳನ್ನು ನಾನೇ ರಿಮೋಟ್ ತೆಗೆದುಕೊಂಡು ಮುಂದಕ್ಕೆ ಓಡಿಸಿದೆ. ಆ ದೃಶ್ಯಗಳು ಬೇಕೇ ಇರಲಿಲ್ಲ. ಅಷ್ಟು ಹೊತ್ತು ಬೇಕಾಗಿರಲಿಲ್ಲ, ಆ ಕೋನದಿಂದ ಬೇಕಾಗಿರಲಿಲ್ಲ. ಕ್ರೌರ್ಯ ತೋರಿಸಿ ಕ್ರೌರ್ಯವನ್ನು ಬೈಯುತ್ತಿದ್ದೇನೆ ಅನ್ನುವ ನಿರ್ದೇಶಕನ ಮಾತನ್ನು ನಾನು ಅಲ್ಲಿ ಒಪ್ಪುವುದಿಲ್ಲ.

ಸಿನಿಮಾ ಮುಗಿದಾಗ ಹನ್ನೆರಡಾಗಿತ್ತು. ಯಾರಿಗೂ ನಿದ್ದೆ ಬರುವ ಹಾಗಿರಲಿಲ್ಲ. ಎಲ್ಲರೂ ಮೊಬೈಲ್ ತೆಗೆದು ಓದುತ್ತಾ ಕೂತೆವು.

ಮಿಲಾನ್‌ನಲ್ಲಿ ಬಿಡುಗಡೆಯಾದ ಹತ್ತು ದಿನಕ್ಕೆಲ್ಲ ಸಿನಿಮಾವನ್ನು ಮುಟ್ಟುಗೋಲು ಹಾಕಿಕೊಂಡಿದ್ದರು. ನಟರು ನಿಜವಾಗಿಯೂ ಸತ್ತಿದ್ದಾರೆ ಅನ್ನುವ ಅನುಮಾನ ಹುಟ್ಟಿತ್ತು. ಅದಕ್ಕೆ ಕಾರಣ ನಿರ್ದೇಶಕನೇ. ಒಂದು ವರ್ಷ ಎಲ್ಲೂ ಕಾಣಿಸಿಕೊಳ್ಳಬಾರದು ಅಂತ ನಟರಿಂದ ಒಪ್ಪಂದ ಬರೆಸಿಕೊಂಡಿದ್ದ. ಕೊನೆಗೆ ಅವರನ್ನು ಜನರ ಮುಂದೆ ತಂದು ತೋರಿಸಬೇಕಾಯಿತು. ಆ ಕಂಬದ ದೃಶ್ಯ ಹೇಗೆ ಮಾಡಿದ್ದು ಅಂತಲೂ ವಿವರಿಸಬೇಕಾಯಿತು. ಕಬ್ಬಿಣದ ಕಂಬಕ್ಕೆ ಸೈಕಲ್ ಸೀಟು ಕೂರಿಸಿದ್ದರು. ಆ ಹುಡುಗಿ ಅದರ ಮೇಲೆ ಕೂತು, ಹಗುರವಾದ ಬಾಲ್ಸಾ ಮರದ ತುಂಡೊಂದನ್ನು ಬಾಯಲ್ಲಿ ಕಚ್ಚಿಕೊಂಡು ಮೇಲೆ ನೋಡುತ್ತಿದ್ದಳು. ಅಷ್ಟೇ. ಕೊಲೆ ಕೇಸ್ ಬಿದ್ದುಹೋಯಿತು. ಇಟಲಿಯಲ್ಲಿ ನಿಷೇಧ ತೆಗೆದದ್ದು 1984ರಲ್ಲಿ.

ಪ್ರಾಣಿಗಳು ಮಾತ್ರ ಡಮ್ಮಿ ಅಲ್ಲ. ಕೋವಾಟಿ, ಆಮೆ, ಹಾವು, ಜೇಡ, ಹಂದಿ, ಕೋತಿ, ಎಲ್ಲವನ್ನೂ ಕ್ಯಾಮೆರಾ ಮುಂದೆ ನಿಜವಾಗಿಯೇ ಕೊಂದರು. ಕೋತಿಯ ದೃಶ್ಯವನ್ನು ಎರಡು ಸಲ ತೆಗೆದರು, ಅದಕ್ಕೆ ಎರಡು ಕೋತಿ. ಇದನ್ನು ಓದಿದಾಗ ನನಗೆ ಹೊಟ್ಟೆ ತೊಳೆಸಿತು. ರೀಟೇಕ್ ಅನ್ನುವುದು ನನ್ನ ದಿನದ ಮಾತು, ಎಷ್ಟೋ ಸಲ ನಾನೇ ಡೈರೆಕ್ಟರುಗಳಿಗೆ ಇನ್ನೊಂದು ಟೇಕ್ ಇದ್ದಿದ್ದರೆ ಚೆನ್ನಾಗಿತ್ತು ಅಂದಿದ್ದೇನೆ. ಪ್ರೊಫೆಸರ್ ಪಾತ್ರ ಮಾಡಿದ ರಾಬರ್ಟ್ ಕರ್ಮನ್ ಈ ಕೊಲ್ಲುವಿಕೆಯನ್ನು ವಿರೋಧಿಸಿದ್ದರು. ಕೊಂದ ಪ್ರಾಣಿಗಳನ್ನು ಅಲ್ಲಿನ ಜನ ತಿಂದರು ಅಂತ ದೇವೊದಾತೊ ಹೇಳುತ್ತಿದ್ದರು. ವಯಸ್ಸಾದ ಮೇಲೆ, ಹಾಗೆ ಮಾಡಬಾರದಿತ್ತು ಅಂತಲೂ ಹೇಳಿದರು. ಅವರು ತೀರಿಕೊಂಡದ್ದು 2022ರಲ್ಲಿ. ಬ್ರಿಟನ್ನಿನ ಸೆನ್ಸಾರ್ ಮಂಡಳಿ 2001ರಲ್ಲಿ ಸಿನಿಮಾಗೆ ಸುಮಾರು ಆರು ನಿಮಿಷ ಕತ್ತರಿ ಹಾಕಿತ್ತು. 2011ರ ಹೊತ್ತಿಗೆ ಅವರು ಬಿಡದೆ ಕತ್ತರಿಸಿದ್ದು ಬರೀ 15 ಸೆಕೆಂಡು. ಅದು ಆ ಕೋವಾಟಿಯ ಸಾವು.

ಇಷ್ಟಾದ ಮೇಲೆ ಸೌಂಡ್ ಹುಡುಗ ತನ್ನ ಫೋನಿನಿಂದ ತಲೆ ಎತ್ತಿ, "ಅಕ್ಕಾ, ಆ ಗುಂಡು ಹೊಡೆಯೋ ಸೀನ್ ಇತ್ತಲ್ಲ, ಅದು ನಿಜದ್ದಂತೆ" ಎಂದ. ಆಫ್ರಿಕಾದಲ್ಲಿ, ಏಷ್ಯಾದಲ್ಲಿ ನಿಜವಾಗಿ ನಡೆದ ಮರಣದಂಡನೆಗಳ ಸುದ್ದಿ ಫಿಲ್ಮು ಅದು. ಅದನ್ನು ತಂದು ಸಿನಿಮಾದಲ್ಲಿ ಸೇರಿಸಿ, ಪಾತ್ರದ ಬಾಯಲ್ಲಿ 'ಸುಳ್ಳು' ಅನ್ನಿಸಿದ್ದಾರೆ.

ಬಣ್ಣ ಬೇರೆ, ಗ್ರೇನ್ (ಫಿಲ್ಮಿನಲ್ಲಿ ಕಾಣುವ ಸಣ್ಣ ಕಣಗಳು) ಬೇರೆ ಇದ್ದದ್ದನ್ನು ನಾನು ಗಮನಿಸಿದ್ದೆ. ಕಾಡಿನ ರೀಲುಗಳನ್ನು 16 ಎಂಎಂ ಫಿಲ್ಮಿನಲ್ಲೂ ಉಳಿದದ್ದನ್ನು 35 ಎಂಎಂ ಫಿಲ್ಮಿನಲ್ಲೂ ತೆಗೆದಿರುವ ಸಿನಿಮಾ, ಇದೂ ಅಂಥದ್ದೇ ಏನೋ ಅಂದುಕೊಂಡೆ. ಕಣ್ಣಿಗೆ ಕಂಡಿತ್ತು. ಆದರೂ ಒಂದು ಮಾತು ಕೇಳಿ ಬಿಟ್ಟುಬಿಟ್ಟೆ.

ಆಗ ನನಗೆ ನೆನಪಾದದ್ದು 2016ರ ನವೆಂಬರ್. ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಸಿನಿಮಾವೊಂದರ ಶೂಟಿಂಗ್. ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಮೂವರಲ್ಲಿ ನಾಯಕನಟ ಬದುಕಿದರು, ಖಳನಟರಾದ ಅನಿಲ್ ಮತ್ತು ಉದಯ್ ಮುಳುಗಿ ಸತ್ತರು. ಅವತ್ತು ಸಂಜೆ ಸ್ಟುಡಿಯೊದಲ್ಲಿ ಟಿವಿ ಹಾಕಿದ್ದರು. ಅವರು ಹಾರುವುದನ್ನು ತೋರಿಸುತ್ತಿದ್ದರು, ಮತ್ತೆ ತೋರಿಸುತ್ತಿದ್ದರು. ನಾವು ಕೆಲಸ ಬಿಟ್ಟು ನಿಂತು ನೋಡಿದೆವು. ಮೊದಲ ಸಲ ನೋಡಿದಾಗ, ನಿಜ ಹೇಳುತ್ತೇನೆ, ನನ್ನ ಕಣ್ಣಿಗೆ ಅದು ಒಂದು ಸ್ಟಂಟ್ ಆಗಿಯೇ ಕಂಡಿತ್ತು. ಅವರಿಬ್ಬರಿಗೂ ಈಜು ಸರಿಯಾಗಿ ಬರುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಈ ಕತೆಯನ್ನು ಅಣ್ಣನ ಮಗನಿಗೆ ಹೇಳಿದೆ. ಅವನು ಆಗ ಚಿಕ್ಕವನು, ನೆನಪಿಲ್ಲ.

ಗೆಳತಿಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಸಿನಿಮಾದಲ್ಲಿ ನರಭಕ್ಷಕರು ಅಂತ ತೋರಿಸಿರುವ ಯಾನೊಮಾಮೊ ಜನ ನಿಜವಾಗಿ ಇದ್ದಾರೆ, ಬ್ರೆಜಿಲ್–ವೆನಿಜುವೆಲಾ ಗಡಿಯ ಕಾಡುಗಳಲ್ಲಿ. ಸಿನಿಮಾ ತೆಗೆದದ್ದು ಕೊಲಂಬಿಯಾದ ಲೆಟೀಸಿಯಾ ಹತ್ತಿರ, ಅಲ್ಲಿನ ಜನರನ್ನು ಹಾಕಿಕೊಂಡು. "ಹೈಸ್ಕೂಲಲ್ಲಿ ನನ್ನ ಪಕ್ಕ ಕೂರ್ತಿದ್ದೋಳು ಸೋಲಿಗರ ಹುಡುಗಿ. ನಮ್ಮ ಹಳೇ ಪಿಕ್ಚರ್‌ಗಳಲ್ಲಿ ಕಾಡಿನೋರು ಅಂದ್ರೆ ಮೈಗೆ ಮಸಿ, ಸೊಂಟಕ್ಕೆ ಸೊಪ್ಪು. ಅಂಥದ್ದು ಟಿವಿಲಿ ಬಂದ ಮಾರನೇ ದಿನ ಕ್ಲಾಸಲ್ಲಿ ಅವಳನ್ನ ರೇಗಿಸೋರು. ನಾನೂ ನಕ್ಕಿದ್ದೆ" ಎಂದಳು. ಮನುಷ್ಯರನ್ನು ಕಡಿದದ್ದು ಡಮ್ಮಿ ಅಂತ ಕೋರ್ಟಿನಲ್ಲಿ ತೋರಿಸಬಹುದು, ಇಡೀ ಒಂದು ಜನದ ಹೆಸರಿಗೆ ಅಂಟಿಸಿದ್ದನ್ನು ತೆಗೆಯುವವರು ಯಾರು ಅಂತ ಕೇಳಿದಳು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಈ ಸಿನಿಮಾವನ್ನು ಹೊಗಳುವವರು ಬಹಳ ಜನ ಇದ್ದಾರೆ, ಅವರು ಹೇಳುವುದರಲ್ಲಿ ಹುರುಳಿದೆ. ಕಟ್ಟಿರುವ ರೀತಿ ಗಟ್ಟಿ. ಊರು ಹೊತ್ತಿ ಉರಿಯುವಾಗ ರಿಜ್ ಓರ್ತೊಲಾನಿಯ ಮೆಲುವಾದ ಸಂಗೀತ ಬರುತ್ತದೆ, ಅದು ಇನ್ನೂ ನನ್ನ ಕಿವಿಯಲ್ಲಿದೆ. ಸುದ್ದಿಗಾಗಿ ಸಾವನ್ನು ತೋರಿಸುವವರ ಮೇಲೆ ನಿರ್ದೇಶಕನಿಗಿದ್ದ ಸಿಟ್ಟು ಸುಳ್ಳು ಅಂತ ನನಗನ್ನಿಸುವುದಿಲ್ಲ. ಆದರೆ ಆ ಸಿಟ್ಟನ್ನು ಹೇಳಲು ಆತ ನಿಜದ ಸಾವನ್ನೇ ತಂದು ಬಳಸಿಕೊಂಡ. ನನಗೆ ನುಂಗಲಾಗದ್ದು ಅದು. ಇನ್ನೊಮ್ಮೆ ನೋಡುವುದಿಲ್ಲ. ನೋಡಿ ಅಂತ ಯಾರಿಗೂ ಹೇಳುವುದಿಲ್ಲ.

ಮೊನ್ನೆ ಮಂಗಳವಾರ ಅಣ್ಣನ ಮಗ ಫೋನ್ ಮಾಡಿದ. ಸಾಮಾನ್ಯವಾಗಿ ಮೆಸೇಜ್ ಹಾಕುವವನು. "ಅತ್ತೆ, ಆ ಗುಂಡು ತಿಂದೋರು ಯಾರು ಅಂತ ಏನಾದ್ರೂ ಸಿಗುತ್ತಾ? ಹೆಸರು ಏನಾದ್ರೂ?" ಎಂದ. ಅವತ್ತು ರಾತ್ರಿ ಸಿನಿಮಾದ ಕೊನೆಯ ಟೈಟಲ್‌ಗಳನ್ನು ಒಂದೊಂದೇ ಸಾಲು ನಿಲ್ಲಿಸಿ ಓದಿದೆ. ಲೈಟ್ ಹಿಡಿದವರ ಹೆಸರಿದೆ, ಮೇಕಪ್ ಮಾಡಿದವರ ಹೆಸರಿದೆ. ಅವರದ್ದಿಲ್ಲ ಅಂತ ಅವನಿಗೆ ಹೇಳಿದೆ.