ನಾಲ್ಕನೇ ಚೆಂಡಿನ ಲೆಕ್ಕ: ಮೂರು ವಾರದ ಟಿಪ್ಪಣಿ

ಫಸ್ಟ್ ಟೆಕ್ ಚಾಲೆಂಜ್ ಅನ್ನುವುದು ಶಾಲಾ ಮಕ್ಕಳ ರೋಬೋ ಸ್ಪರ್ಧೆ. ಅದರ 2025-26ರ ಸೀಸನ್ನಿನ ಆಟದ ಹೆಸರು ಡಿಕೋಡ್. 2025ರ ಸೆಪ್ಟೆಂಬರ್‌ನಲ್ಲಿ ಹೊರಬಂತು. ನೇರಳೆ ಮತ್ತು ಹಸಿರು ಚೆಂಡುಗಳನ್ನು ಹೆಕ್ಕಿ ಗೋಲಿಗೆ ಎಸೆಯಬೇಕು. ಒಂದು ರೋಬೋ ಒಂದು ಸಲಕ್ಕೆ 3 ಚೆಂಡನ್ನು ಮಾತ್ರ ಕಂಟ್ರೋಲ್ ಮಾಡಬಹುದು. ಓದಿದಾಗ ಇಷ್ಟು ಸುಲಭದ ನಿಯಮ ಇನ್ನೊಂದಿಲ್ಲ ಅನ್ನಿಸಿತ್ತು. ಈಗ ಮೂರು ವಾರದಿಂದ ಅದರ ಜೊತೆಗೇ ಗುದ್ದಾಡುತ್ತಿದ್ದೇವೆ.

ಮೊದಲ ವಾರ

ಅಭ್ಯಾಸ ಚೆನ್ನಾಗಿಯೇ ನಡೆದಿತ್ತು. ಮೂರು ಚೆಂಡು ಒಳಗೆ ಹೋದ ಮೇಲೆ ನಾಲ್ಕನೆಯದು ಇನ್‌ಟೇಕ್‌ನ, ಅಂದರೆ ಚೆಂಡನ್ನು ಒಳಗೆಳೆದುಕೊಳ್ಳುವ ಭಾಗದ, ಬಾಯಿಗೆ ಬಂದು ನಿಂತಿತು. ರೋಬೋ ಹೋದಲ್ಲೆಲ್ಲ ಮುಂದೆ ಮುಂದೆ ಉರುಳಿತು. ‘ಸರ್, ಇದು ಒಳಗೆ ಹೋಗಿಲ್ಲ, ಲೆಕ್ಕಕ್ಕೆ ಬರಲ್ಲ ಅಲ್ವಾ?’ ಅಂತ ಡ್ರೈವರ್ ಹುಡುಗಿ ಕೇಳಿದಳು. ಹೌದು ಅಂದುಬಿಟ್ಟೆ. ಆಟದ ನಿಯಮಗಳಿರುವ ಮ್ಯಾನುಯಲ್ ತೆರೆದೂ ನೋಡಲಿಲ್ಲ. ಮೆಂಟರ್ ಅನ್ನಿಸಿಕೊಂಡವನು ಮಾಡಬಾರದ ಕೆಲಸ ಇದೇ.

ರಾತ್ರಿ ಕೂತು ಓದಿದೆ. ಈ ಮ್ಯಾನುಯಲ್‌ನಲ್ಲಿ ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿರುವ ಪದಗಳಿಗೆಲ್ಲ ಪದಕೋಶದಲ್ಲಿ ಬೇರೆಯೇ ಅರ್ಥ ಕೊಟ್ಟಿರುತ್ತಾರೆ. ‘ಮೊಮೆಂಟರಿ’ ಅಂದರೆ ನಾವು ಅಂದುಕೊಂಡ ಹಾಗೆ ಕಣ್ಣು ಮಿಟುಕಿಸುವಷ್ಟು ಹೊತ್ತಲ್ಲ, ಸುಮಾರು 3 ಸೆಕೆಂಡಿಗಿಂತ ಕಡಿಮೆ. ‘ಕಂಟ್ರೋಲ್’ ಕೂಡ ಅಂಥದ್ದೇ ಪದ. ಚೆಂಡು ರೋಬೋದೊಳಗೆ ಇರಲೇಬೇಕೆಂದಿಲ್ಲ. ಬೇಕಾದ ಕಡೆಗೆ ಬೇಕೆಂದೇ ತಳ್ಳಿಕೊಂಡು ಹೋದರೂ ಅದು ಕಂಟ್ರೋಲ್. ದಾರಿಯಲ್ಲಿ ಹೋಗುವಾಗ ಅಕಸ್ಮಾತ್ ತಾಗಿ ಸರಿದರೆ ಅಲ್ಲ.

ನಮ್ಮ ಎಡವಟ್ಟಿಗೆ ಕಾರಣವೂ ಆಗ ಹೊಳೆಯಿತು. ಮಕ್ಕಳ ಜೊತೆ ಮಾತಾಡುವಾಗ ಈ ಪದವನ್ನು ‘ಹಿಡ್ಕೊಳ್ಳೋದು’ ಮಾಡಿಕೊಂಡಿದ್ದೆವು. ಹಿಡ್ಕೊಳ್ಳೋದು ಅಂದಾಗ ಕಣ್ಣ ಮುಂದೆ ಬರುವುದು ಕೈ ಮತ್ತು ಮುಷ್ಟಿ. ಉರುಳುವ ಚೆಂಡನ್ನು ಯಾರು ಹಿಡಿದಿದ್ದಾರೆ? ನಮ್ಮ ಲಿಪಿಯಲ್ಲಿ ಕ್ಯಾಪಿಟಲ್ ಅಕ್ಷರವೂ ಇಲ್ಲ, ಹಾಗಾಗಿ ಬೋರ್ಡಿನ ಮೇಲೆ ಬರೆದಾಗ ಎಚ್ಚರಿಕೆಯ ಗುರುತೇ ಮಾಯ. ಈಗ ಇಂಥ ಪದಗಳನ್ನು ಅನುವಾದ ಮಾಡದೆ ಕೆಂಪು ಬಣ್ಣದಲ್ಲಿ ಬರೆಯುತ್ತೇವೆ.

ಎರಡನೇ ವಾರ

‘ನಾವು ಬೇಕಂತ ತಳ್ತಾ ಇಲ್ವಲ್ಲ ಸರ್’ ಅನ್ನುವುದು ಹೊಸ ವಾದ. ಸರಿ, ಆದರೆ ನಮ್ಮ ಮನಸ್ಸು ರೆಫರಿಗೆ ಹೇಗೆ ಕಾಣಬೇಕು? ಅವರಿಗೆ ಕಾಣುವುದು ರೋಬೋ ಮತ್ತು ಚೆಂಡು ಮಾತ್ರ. ಆಮೇಲೆ ವಿಡಿಯೋ ತೋರಿಸಿ ವಾದ ಮಾಡೋಣ ಅಂದರೆ ಅವರು ವಿಡಿಯೋ ನೋಡುವುದಿಲ್ಲ. ಮಾತಾಡಬೇಕಾದವರೂ ವಿದ್ಯಾರ್ಥಿಗಳೇ, ನಾನಲ್ಲ.

ಹಾಗಾಗಿ ನಮ್ಮದೇ ಒಂದು ಪರೀಕ್ಷೆ ಮಾಡಿಕೊಂಡೆವು. ನಾಲ್ಕನೇ ಚೆಂಡನ್ನು ಮುಂದಿಟ್ಟು ಸ್ವಲ್ಪ ದೂರ ಓಡಿಸಿ, ರೋಬೋವನ್ನು ಥಟ್ಟನೆ 90 ಡಿಗ್ರಿ ತಿರುಗಿಸುವುದು. ಚೆಂಡು ತನ್ನ ಪಾಡಿಗೆ ನೇರ ಹೋದರೆ ಪಾಸ್. ನಮ್ಮ ಜೊತೆಗೇ ತಿರುಗಿದರೆ ಫೇಲ್. ಇದು ಮ್ಯಾನುಯಲ್‌ನಲ್ಲಿಲ್ಲ, ನಮ್ಮ ಸಮಾಧಾನಕ್ಕೆ ಅಷ್ಟೇ.

10 ಸಲ ಮಾಡಿದೆವು, 8 ಸಲ ಫೇಲ್. ಫೋನಿನಲ್ಲಿ ಸ್ಲೋ ಮೋಷನ್ ಹಾಕಿ ನೋಡಿದಾಗ ಗೊತ್ತಾಯಿತು. ಚೆಂಡುಗಳು ಸುಲಭವಾಗಿ ಒಳಗೆ ಬರಲಿ ಅಂತ ಇನ್‌ಟೇಕ್‌ನ ಎರಡೂ ಪಕ್ಕಕ್ಕೆ ಪಾಲಿಕಾರ್ಬೊನೇಟ್ ರೆಕ್ಕೆ ಕೂರಿಸಿದ್ದೆವು. ತಿರುಗುವಾಗ ಚೆಂಡು ಒಂದು ರೆಕ್ಕೆಗೆ ಒರಗಿಕೊಂಡು ಆರಾಮಾಗಿ ಬರುತ್ತಿತ್ತು. ಎಷ್ಟು ಸಾಚಾ ಮನಸ್ಸಿನಿಂದ ಓಡಿಸಿದರೂ ನೋಡುವವರಿಗೆ ಅದು ಅಟ್ಟಿಕೊಂಡು ಹೋದ ಹಾಗೇ.

ರೆಕ್ಕೆ ಕತ್ತರಿಸಲು ಬಿಲ್ಡ್ ಹುಡುಗರಿಗೆ ಮನಸ್ಸಿರಲಿಲ್ಲ. ಒಂದು ಚೆಂಡು ಗೋಲಿನೊಳಗಿಂದ ನೇರ ಇಳಿಜಾರಿನ ಸಾಲಿಗೆ ಸೇರಿ ‘ಕ್ಲಾಸಿಫೈ’ ಆದರೆ 3 ಅಂಕ, ನಿಯಮ ಮೀರಿ ಮೈನರ್ (ಸಣ್ಣ) ಫೌಲ್ ಬಿದ್ದರೆ ಎದುರಾಳಿಗೆ 5. ಈ ಲೆಕ್ಕ ಬೋರ್ಡಿನ ಮೇಲೆ ಬಿದ್ದ ಮೇಲೆ ಗರಗಸ ತಾನಾಗಿಯೇ ಹೊರಬಂತು.

ಮೂರನೇ ವಾರ

ನಿಯಮದ ಬಗ್ಗೆ ತಂಡಗಳು ಆಯೋಜಕರನ್ನು ಕೇಳುವ ಅಧಿಕೃತ ಪ್ರಶ್ನೋತ್ತರಕ್ಕೆ ಒಂದು ಪ್ರಶ್ನೆ ಬರೆದೆವು. ಮೊದಲ ಕರಡು ‘ನಮ್ಮ ಇನ್‌ಟೇಕ್ ನಡೆಯುತ್ತದಾ?’ ಅಂತಿತ್ತು. ರೋಬೋ ಸರಿಯಿದೆಯಾ ಅಂತ ಪರಿಶೀಲಿಸಿ ಹೇಳುವುದು ಅಲ್ಲಿನ ಕೆಲಸವಲ್ಲ. ನಿಯಮದ ಯಾವ ಪದ ಅರ್ಥವಾಗಲಿಲ್ಲ ಅಂತ ಕೇಳಬೇಕು. ತಿದ್ದಿ ತಿದ್ದಿ ಎರಡು ವಾಕ್ಯಕ್ಕೆ ಇಳಿಸುವಷ್ಟರಲ್ಲಿ, ಉತ್ತರ ಅರ್ಧ ನಮಗೇ ಗೊತ್ತಾಗಿಹೋಗಿತ್ತು. ಆದರೂ ಕಳಿಸಿದ್ದೇವೆ.

ಇನ್ನೊಂದು ಕಡೆ, ಮೂರು ಚೆಂಡು ತುಂಬಿದ ತಕ್ಷಣ ರೋಲರ್ ಹಿಂದಕ್ಕೆ ತಿರುಗಿ ನಾಲ್ಕನೆಯದನ್ನು ಉಗುಳುವ ಹಾಗೆ ಕೋಡ್ ಬರೆದೆವು. ಎಣಿಸಲು ಕಲರ್ ಸೆನ್ಸರ್. ಮೊದಲ ದಿನ ಅದು ಎರಡೇ ಚೆಂಡಿಗೆ ‘ತುಂಬಿತು’ ಅಂದಿತು. ಈ ಚೆಂಡುಗಳಲ್ಲಿ ತೂತುಗಳಿವೆ. ತೂತು ಸೆನ್ಸರ್ ಎದುರು ಬಂದಾಗ ಬಣ್ಣ ಕಾಣುವುದಿಲ್ಲ, ಸರಿದಾಗ ಮತ್ತೆ ಕಾಣುತ್ತದೆ. ಒಂದೇ ಚೆಂಡು ಎರಡಾಯಿತು! ಕೋಡ್ ಹುಡುಗ ಇದನ್ನು ಕಂಡುಹಿಡಿಯಲು ಚೆಂಡನ್ನು ಬೆರಳಲ್ಲಿ ನಿಧಾನಕ್ಕೆ ತಿರುಗಿಸುತ್ತಾ ಅರ್ಧ ಗಂಟೆ ಸ್ಕ್ರೀನ್ ನೋಡುತ್ತಾ ಕೂತಿದ್ದ. ಈಗ 150 ಮಿಲಿಸೆಕೆಂಡಿಗಿಂತ ಚಿಕ್ಕ ಬಿಡುವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಿನ್ನೆ ಮತ್ತೆ ತಿರುಗಿಸುವ ಪರೀಕ್ಷೆ. 20ರಲ್ಲಿ 18 ಪಾಸ್. ಉಳಿದ ಎರಡರಲ್ಲಿ ರೋಬೋ ಗೋಡೆಯ ಪಕ್ಕ ಇತ್ತು, ಉಗುಳಿದ ಚೆಂಡು ಗೋಡೆಗೆ ಬಡಿದು ವಾಪಸ್ ನಮ್ಮ ಬಾಯಿಗೇ ಬಂತು. ಶನಿವಾರ ಅದನ್ನು ನೋಡಬೇಕು.